ಎಡಬದಿಯ ಬ್ರೇಕ್ ದೀಪದ ದುರಸ್ತಿ: ಕೆಲಸದ ಟಿಪ್ಪಣಿಗಳು

ಶನಿವಾರ ಸಂಜೆ

ದಾವಣಗೆರೆ ಮತ್ತು ಚಿತ್ರದುರ್ಗದ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವ ನಮ್ಮ ಕಾರಿನ ಎಡಬದಿಯ ಬ್ರೇಕ್ ದೀಪ ಹೊತ್ತುತ್ತಿಲ್ಲ. ಹಿಂದೆ ಸದಾ ಲಾರಿಗಳಿರುವ ರಸ್ತೆಯಾದ್ದರಿಂದ ಇದನ್ನು ನಾಳೆಯೇ ಸರಿಪಡಿಸಬೇಕು. ಬಲಬದಿಯ ದೀಪ ಸರಿಯಾಗಿ ಬೆಳಗುತ್ತಿರುವುದರಿಂದ, ಎರಡು ಬದಿಗೂ ಸಾಮಾನ್ಯವಾದ ಫ್ಯೂಸನ್ನಾಗಲಿ ಪೆಡಲಿನ ಬಳಿಯ ಸ್ವಿಚ್ಚನ್ನಾಗಲಿ ಶಂಕಿಸಬೇಕಾಗಿಲ್ಲ. ಎಡಬದಿಯ ಟೇಲ್ ದೀಪ ಉರಿಯುತ್ತಲೇ ಇದೆ. ಈ ಬಲ್ಬಿನ ಒಂದೇ ಗಾಜಿನೊಳಗೆ ಬ್ರೇಕಿಗೆ 21 ವ್ಯಾಟಿನ ತಂತು, ಟೇಲ್ ದೀಪಕ್ಕೆ 5 ವ್ಯಾಟಿನ ತಂತು ಬೇರೆ ಬೇರೆಯಾಗಿರುವುದರಿಂದ, ಒಂದು ಸುಟ್ಟರೂ ಇನ್ನೊಂದು ಉರಿಯಬಲ್ಲದು.

ಭಾನುವಾರ ಬೆಳಿಗ್ಗೆ

ಡಿಕ್ಕಿಯ ಬಾಗಿಲು ತೆರೆದು ಎರಡು ಸ್ಕ್ರೂ ಬಿಚ್ಚಿದ ಮೇಲೆ ದೀಪದ ಇಡೀ ಜೋಡಣೆಯನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಹೊರ ಅಂಚಿನ ಪ್ಲಾಸ್ಟಿಕ್ ಗೂಟ ಬಾಡಿಯೊಳಗೆ ಸಿಕ್ಕಿಕೊಂಡಿರುತ್ತದೆಯಾದ್ದರಿಂದ ಓರೆಯಾಗಿ ಎಳೆದರೆ ಅದು ಮುರಿಯುತ್ತದೆ. ಹೋಲ್ಡರನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಹೊರತೆಗೆದು, ಬಲ್ಬನ್ನು ಒಳಕ್ಕೆ ಒತ್ತಿ ತಿರುಗಿಸಿದಾಗ ಕೈಗೆ ಬಂತು. ದಪ್ಪ ತಂತು ತುಂಡಾಗಿತ್ತು. ಆವಿಯಾದ ಟಂಗ್‌ಸ್ಟನ್ ಅಂಟಿ ಗಾಜಿನ ಒಳಮೈ ಕಪ್ಪಾಗಿತ್ತು.

ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹಳೆಯ ಬಲ್ಬನ್ನೇ ತೋರಿಸಿ, 12 ವೋಲ್ಟಿನ 21/5 ವ್ಯಾಟಿನ ಡಬಲ್ ಫಿಲಮೆಂಟ್ ಬಲ್ಬ್ ತಂದೆ. ಇದರ ಬುಡದ ಎರಡು ಗುಬುಟುಗಳು ಒಂದೇ ಎತ್ತರದಲ್ಲಿರುವುದಿಲ್ಲ; ಬಲ್ಬ್ ತಿರುಗುಮುರುಗಾಗಿ ಕೂರದಿರಲೆಂದೇ ಹಾಗೆ ಮಾಡಿರುತ್ತಾರೆ. ಎಲ್‌ಇಡಿ ಬಲ್ಬನ್ನು ಅಂಗಡಿಯವರು ತೋರಿಸಿದರೂ ಕೊಳ್ಳಲಿಲ್ಲ. ತಂತುವಿನ ಸ್ಥಾನಕ್ಕೆ ಹೊಂದುವಂತೆ ರೂಪಿಸಿದ ಪ್ರತಿಫಲಕದಲ್ಲಿ ತಂತುವಿನ ಬಲ್ಬೇ ಇರಬೇಕೆಂಬುದು ನನ್ನ ನಿಲುವು.

ಭಾನುವಾರ ಮಧ್ಯಾಹ್ನ

ಹೊಸ ಬಲ್ಬ್ ಹೊತ್ತಿತು, ಆದರೆ ಮಗ ಪೆಡಲ್ ಒತ್ತಿ ಹಿಡಿದಿದ್ದಾಗ ಹಿಂದೆ ನಿಂತು ನೋಡಿದರೆ ಎಡಬದಿಯ ಬೆಳಕು ಬಲಬದಿಯದಕ್ಕಿಂತ ಸ್ಪಷ್ಟವಾಗಿ ಮಂಕಾಗಿತ್ತು. ಬಲ್ಬುಗಳನ್ನು ಅದಲುಬದಲು ಮಾಡಿದರೂ ಮಂಕು ಎಡಬದಿಯಲ್ಲೇ ಉಳಿದದ್ದರಿಂದ, ದೋಷ ಬಲ್ಬಿನದಲ್ಲ, ಅದಕ್ಕೆ ಕರೆಂಟ್ ಹರಿಯುವ ದಾರಿಯದು ಎಂದು ಖಚಿತವಾಯಿತು.

ಇಲ್ಲಿ ಮಲ್ಟಿಮೀಟರ್ ಬೇಕೇ ಬೇಕು, ಮತ್ತು ಅಳತೆಯನ್ನು ದೀಪ ಉರಿಯುತ್ತಿರುವಾಗಲೇ ತೆಗೆದುಕೊಳ್ಳಬೇಕು. ಬಲ್ಬ್ ತೆಗೆದು ಖಾಲಿ ಹೋಲ್ಡರಿನಲ್ಲಿ ಅಳೆದರೆ ಕರೆಂಟ್ ಹರಿಯದ ಕಾರಣ ತುಕ್ಕು ಹಿಡಿದ ಜೋಡಣೆಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. 21 ವ್ಯಾಟಿನ ತಂತು ಸುಮಾರು 1.75 ಆಂಪಿಯರ್ ಎಳೆಯುವಾಗ ಮಾತ್ರ ದೋಷ ಹೊರಬೀಳುತ್ತದೆ. ಬಲ್ಬಿನ ಲೋಹದ ಬುಡಕ್ಕೂ ಕಾರಿನ ಬಾಡಿಗೂ ನಡುವೆ ಮೀಟರ್ ಹಿಡಿದಾಗ, ಸೊನ್ನೆಯ ಸಮೀಪ ಇರಬೇಕಾದ ಕಡೆ ಒಂದು ವೋಲ್ಟಿಗಿಂತ ಹೆಚ್ಚು ಕಾಣಿಸಿತು. ಅಷ್ಟು ವೋಲ್ಟೇಜು ಅರ್ತಿನ ದಾರಿಯಲ್ಲೇ, ಅಂದರೆ ಕರೆಂಟ್ ಬಲ್ಬಿನಿಂದ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯಲ್ಲೇ, ಸೋರಿಹೋಗುತ್ತಿತ್ತು. ತಂತುವಿನ ಬಲ್ಬಿನಲ್ಲಿ ಇದು ಸಣ್ಣ ಮಾತಲ್ಲ, ಏಕೆಂದರೆ ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ.

ಅರ್ತ್ ವೈರಿನ ಉಂಗುರವನ್ನು ಡಿಕ್ಕಿಯ ಒಳಗೋಡೆಗೆ ಬಿಗಿದಿದ್ದ ಬೋಲ್ಟಿನ ಸುತ್ತ ತುಕ್ಕು ಹಿಡಿದಿತ್ತು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಉಂಗುರವನ್ನೂ ಅದರಡಿಯ ತಗಡನ್ನೂ ಉಪ್ಪುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ಗ್ರೀಸ್ ಸವರಿದೆ. ಹೋಲ್ಡರಿನ ತಳದ ಹಿತ್ತಾಳೆಯ ಚುಕ್ಕೆಗಳನ್ನೂ ಉಜ್ಜಿದೆ. ಮತ್ತೆ ಅಳೆದಾಗ ಮೀಟರ್ ಸೊನ್ನೆಯ ಹತ್ತಿರವೇ ನಿಂತಿತು. ಎರಡು ದೀಪಗಳ ಬೆಳಕಿನಲ್ಲಿ ಈಗ ವ್ಯತ್ಯಾಸ ಕಾಣುವುದಿಲ್ಲ.

ಉಳಿದಿರುವ ಕೆಲಸ

ತುಕ್ಕಿಗೆ ಕಾರಣವಾದ ನೀರು ದೀಪದ ಹಿಂದಿನ ರಬ್ಬರ್ ಪಟ್ಟಿಯ ಕೆಳಮೂಲೆಯಿಂದ ಇಳಿದಿರುವ ಗುರುತಿದೆ. ಅಲ್ಲಿ ಪಟ್ಟಿ ಗಟ್ಟಿಯಾಗಿ ಬಿರಿದಿದೆ. ಮುಂಗಾರಿಗೆ ಮೊದಲು ಅದನ್ನು ಬದಲಿಸಿ, ಪೈಪಿನಿಂದ ನೀರು ಬಿಟ್ಟು ಡಿಕ್ಕಿಯೊಳಗೆ ತೇವ ಬರುವುದೇ ಎಂದು ಪರೀಕ್ಷಿಸಬೇಕು. ಬಲಬದಿಯ ಅರ್ತ್ ಬೋಲ್ಟನ್ನೂ ಆಗಲೇ ಬಿಚ್ಚಿ ನೋಡುತ್ತೇನೆ.