ಸನ್ನತಿಯ ಎರಿ ಹೊಲದಲ್ಲಿ ನಿಂತುಬಿಟ್ಟ ಗಾಡಿ

ಭೀಮಾ ದಂಡೆಯ ಊರು ಸನ್ನತಿ ನಮ್ಮ ಪ್ಲಾನಿನಲ್ಲೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ದೋಸ್ತ ಫೋನ್ ಮಾಡಿ, ಶಹಾಬಾದ್ ತನಕ ಹೋಗಿ ಮಿರ್ಚಿ ಭಜಿ ತಿಂದು ಬರೋಣ ಬಾ ಅಂದ. ಕಲಬುರಗಿಯಿಂದ ಶಹಾಬಾದಿಗೆ 25 ಕಿ.ಮೀ. ಆಚೀಚೆ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹಾಗಾಗಿ ನಾನು ಚಪ್ಪಲಿ ಮೇಲೇ ಬೈಕ್ ಹತ್ತಿದೆ. ನೀರಿನ ಬಾಟಲಿ ಇಲ್ಲ, ಚಾರ್ಜರ್ ಇಲ್ಲ, ರೇನ್‌ಕೋಟ್ ಅಂತೂ ಇಲ್ಲವೇ ಇಲ್ಲ.

ಭಜಿ ತಿಂದಾಯಿತು, ಚಹಾ ಆಯಿತು, ಆಕಾಶ ತುಂಬ ಮೋಡ, ಹವಾ ತಂಪು, ನಮ್ಮ ಕಡೆ ಇಂಥ ಹವಾ ಸಿಕ್ಕ ದಿನ ಯಾರಾದರೂ ಇಷ್ಟು ಬೇಗ ಮನೆಗೆ ಹೋಗುತ್ತಾರಾ? ಕಾಗಿಣಾ ಸೇತುವೆ ದಾಟಿದೆವು. ವಾಡಿಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಸಿಕ್ಕು ಬೂದಿ ಬಣ್ಣ ಬಳಿದುಕೊಂಡೆವು. ನಾಲವಾರ ಬಂದಾಗ ದೋಸ್ತ ಹಿಂದಿನಿಂದ, "ಸನ್ನತಿ ಇಲ್ಲೇ ಹತ್ರ ಅದ ಅಲ್ಲ?" ಅಂದ. ಅಷ್ಟೇ, ಗಾಡಿ ಆ ಕಡೆ ತಿರುಗಿತು.

ಚಂದ್ರಲಾಂಬೆಯ ದರ್ಶನ ಮಾಡಿದೆವು. ಈ ಗುಡಿಯ ಆವರಣದಲ್ಲೇ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದದ್ದು. ಮೂರ್ತಿ ಒಡೆಯಿತು, ಅದರ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎಷ್ಟೋ ಕಾಲ ಪೂಜೆ, ಕುಂಕುಮ, ಎಣ್ಣೆ ಎಲ್ಲ ಅದರ ಮೇಲೇ ನಡೆದಿದ್ದವು, ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಕನಗನಹಳ್ಳಿಯ ಸ್ತೂಪಕ್ಕೆ ಹೋದೆವು. ಪುರಾತತ್ವ ಇಲಾಖೆಯವರು 1994ರಿಂದ ಅಗೆದು ತೆಗೆದ ಜಾಗ ಇದು. ಅಶೋಕ ರಾಣಿಯ ಜೊತೆ ನಿಂತಿರುವ ಶಿಲ್ಪ ಸಿಕ್ಕಿದ್ದು ಇಲ್ಲೇ. ಪಕ್ಕದಲ್ಲಿ 'ರಾಯ ಅಸೋಕೊ' ಅಂತ ಹೆಸರೂ ಕೆತ್ತಿದ್ದಾರೆ. ಶಾತವಾಹನ ರಾಜರ ಶಿಲ್ಪಗಳಿಗೂ ಹೀಗೇ ಹೆಸರು ಬರೆದಿದ್ದಾರೆ. ಕಲ್ಲು ಯಾವುದು ಅಂದರೆ ಸುಣ್ಣದ ಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿಯೂ ಸುಣ್ಣದ ಕಲ್ಲೇ. ದೋಸ್ತನ ಅಪ್ಪ ಫರ್ಸಿ ವ್ಯಾಪಾರದವರು, ಹಾಗಾಗಿ ಇವನು ಪ್ರತಿ ಚಪ್ಪಡಿಯ ದಪ್ಪ ಕಣ್ಣಲ್ಲೇ ಅಳೆಯುತ್ತ ನಿಂತ. ರಾಜರ ಕಡೆ ಅವನ ಗಮನ ಕಮ್ಮಿ.

ಅಲ್ಲಿಗೆ ವಾಪಸ್ ಹೊರಟಿದ್ದರೆ ಬರೆಯೋದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಭೀಮಾ ನದಿ ತುಂಬಿ ಹರಿಯುತ್ತಿತ್ತು. ದಂಡೆಗುಂಟ ಹೋದರೆ ಒಂದು ಊರು ಸಿಗುತ್ತದೆ, ಅಲ್ಲಿಂದ ಡಾಂಬರು ರಸ್ತೆ ಅಂತ ಮೊಬೈಲ್ ಮ್ಯಾಪಿನಲ್ಲಿ ಒಂದು ಸಣ್ಣ ಗೆರೆ ತೋರಿಸುತ್ತಿತ್ತು. ಕುರಿ ಮೇಯಿಸುತ್ತಿದ್ದ ಹುಡುಗನನ್ನು ಕೇಳಿದೆವು. "ಹೋಗ್ತದ್ರಿ. ಮಳಿ ಬಂದ್ರ ಹೋಗಲ್ರಿ," ಅಂದ. ಮಾತಿನ ಮೊದಲರ್ಧ ಮಾತ್ರ ದೋಸ್ತನ ಕಿವಿಗೆ ಬಿತ್ತು ಅಂತ ಕಾಣುತ್ತದೆ.

ಬಂಡಿ ದಾರಿ. ಎರಡೂ ಕಡೆ ಸೊಂಟದೆತ್ತರ ತೊಗರಿ, ಎಡಕ್ಕೆ ನದಿ, ನದಿಯಾಚೆ ಯಾದಗಿರಿ ಜಿಲ್ಲೆ. ಖರೇನೇ ಚಂದ ಇತ್ತು. ಒಂದೆರಡು ಕಿಲೋಮೀಟರ್ ಹೋಗಿರಬೇಕು, ಮಳೆ ಶುರುವಾಯಿತು. ಉತ್ತರಿ ಮಳೆ, ಅದು ಹೇಳಿ ಕೇಳಿ ಬರೋದಲ್ಲ.

ಎರಿ ಮಣ್ಣಿನಲ್ಲಿ, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣಿನಲ್ಲಿ, ಗಾಡಿ ಓಡಿಸದವರಿಗೆ ಇದನ್ನು ಬಿಡಿಸಿಯೇ ಹೇಳಬೇಕು. ಕೆಂಪು ಮಣ್ಣಾದರೆ ಜಾರುತ್ತದೆ, ಬೀಳುತ್ತೀರಿ, ಎದ್ದು ಹೋಗುತ್ತೀರಿ. ಎರಿ ಮಣ್ಣು ಹಾಗಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು, ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಗಾಲಿಗೆ ಹತ್ತುತ್ತದೆ, ಗಾಲಿ ತಿರುಗಿದ ಹಾಗೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು, ಕೊನೆಗೆ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಗಿಡಿದು ತುಂಬಿ ಮುಂದಿನ ಗಾಲಿ ತಿರುಗೋದನ್ನೇ ಬಿಡುತ್ತದೆ. ನಮ್ಮ ಗಾಡಿ ಸ್ಟ್ಯಾಂಡ್ ಹಾಕದೇ ನೆಟ್ಟಗೆ ನಿಂತಿತು. ನಾವಿಬ್ಬರೂ ಕೈಬಿಟ್ಟು ದೂರ ಸರಿದು ನೋಡಿದೆವು. ಆಗಲೂ ನಿಂತೇ ಇತ್ತು.

ತೊಗರಿ ಕಡ್ಡಿಯಿಂದ ಕೆದರಿದೆವು. ಕಡ್ಡಿ ಮುರಿಯಿತು. ಕೈಯಿಂದ ಕಿತ್ತೆವು, ಹತ್ತು ಹೆಜ್ಜೆ ನೂಕಿದೆವು, ಮತ್ತೆ ತುಂಬಿತು. ನನ್ನ ಒಂದು ಚಪ್ಪಲಿಯ ಉಂಗುಷ್ಟ ಕಿತ್ತು ಅಲ್ಲೇ ಉಳಿಯಿತು, ಹುಡುಕಿದರೂ ಸಿಗಲಿಲ್ಲ. ಮಳೆ ನಿಂತಾಗ ಹೊತ್ತು ಮುಳುಗುತ್ತಿತ್ತು. ಮೊಬೈಲ್ ಒದ್ದೆಯಾಗಿ ಸತ್ತಿತ್ತು. ದೋಸ್ತನ ಫೋನಿನಲ್ಲಿ ಸ್ವಲ್ಪ ಜೀವ ಇತ್ತು, ನೆಟ್‌ವರ್ಕ್ ಇರಲಿಲ್ಲ. ನನಗೆ ಹೆದರಿಕೆ ಆದದ್ದು ಕತ್ತಲಿಗಲ್ಲ, ಹಾವಿಗೆ. ತೊಗರಿ ಹೊಲ, ನದಿ ದಂಡೆ, ಮಳೆ ಬಿದ್ದ ಸಂಜೆ, ಬರಿಗಾಲು. ಇನ್ನೇನು ಬೇಕು?

ಆಗ ಬದುವಿನ ಮೇಲೆ ಬ್ಯಾಟರಿ ಬೆಳಕು ಕಂಡಿತು. ಪಂಪ್‌ಸೆಟ್ ನೋಡಲು ಬಂದ ಒಬ್ಬ ಮುತ್ಯಾ. ಗಾಡಿ ನೋಡಿದರು, ನಮ್ಮನ್ನು ನೋಡಿದರು.

"ಯಾವೂರ್ ತಮ್ಮಾ?"

"ಕಲಬುರಗಿ ರೀ ಮುತ್ಯಾ."

"ಸಿಟಿಯವ್ರು ಅಂತ ಗಾಡಿ ನೋಡೇ ಗೊತ್ತಾಯ್ತು ಬಿಡು."

ಟ್ರ್ಯಾಕ್ಟರ್ ಸಿಗುತ್ತದಾ ಅಂತ ದೋಸ್ತ ಕೇಳಿದ. "ಟ್ರ್ಯಾಕ್ಟರ್ ತಂದ್ರ ಅದನ್ನ ಎಳೀಲಕ ಮತ್ತೊಂದು ಟ್ರ್ಯಾಕ್ಟರ್ ಬೇಕು. ಗಾಡಿ ಇಲ್ಲೇ ಇರ್ಲಿ. ಯಾರ್ ಒಯ್ತಾರ? ಒಯ್ಲಕ ಬಂದ್ರೆ ನಮಗ ಚಲೋನೇ ಆಯ್ತಲ್ಲ," ಅಂದರು. ಅದೂ ಖರೇನೇ. ಉಳಿದ ಚಪ್ಪಲಿ ಕೈಯಲ್ಲಿ ಹಿಡಿದು, ಬದುವಿನ ಹುಲ್ಲಿನ ಮೇಲೇ ಕಾಲಿಡುತ್ತ ಅವರ ಹಿಂದೆ ನಡೆದೆವು.

ಅವರ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಆಯಿ ಬಡಿಯುತ್ತಲೇ ಇದ್ದರು, ನಾವು ತಿನ್ನುತ್ತಲೇ ಇದ್ದೆವು. ಅವರ ಮೊಮ್ಮಗನ ಫೋನಿನಿಂದ ಮನೆಗೆ ಸುದ್ದಿ ಮುಟ್ಟಿಸಿದೆ. ಭಜಿ ತಿನ್ನಲು ಹೋದವನು ಭೀಮಾ ದಂಡೆಯಲ್ಲಿ ಹೇಗೆ ಅಂತ ಅವ್ವ ಕೇಳಿದ್ದಕ್ಕೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ರಾತ್ರಿ ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದಾಗ ನಾನು ಮಣ್ಣಿಗೆ ಬೈಯುತ್ತಿದ್ದೆ. ಮುತ್ಯಾ ಬಿಡಲಿಲ್ಲ. "ಹಿಂಗ ನೀರು ಹಿಡ್ಕೊಂಡು ಕೂಡ್ತದಂತೇ ಹಿಂಗಾರಿ ಜೋಳ ಬೆಳೀತದ. ಈಗ ತಿಂದ ರೊಟ್ಟಿ ಎಲ್ಲಿದು ಅಂದಿ?" ಅಂದರು. ದೋಸ್ತ ಆಗಲೇ ಗೊರಕೆ ಹೊಡೆಯುತ್ತಿದ್ದ.

ಬೆಳಿಗ್ಗೆ ಲಗೂನೆ ಹೋಗೋಣ ಅಂದರೆ ಮುತ್ಯಾ ಬಿಸಿಲು ಏರುವ ತನಕ ಎಬ್ಬಿಸಲೇ ಇಲ್ಲ. ಮೇಲಿನ ಪದರ ಒಣಗಬೇಕಂತೆ. ಮೊಮ್ಮಗ ಪಾನಾ ತಂದ. ಮುಂದಿನ ಮಡ್‌ಗಾರ್ಡ್ ಬಿಚ್ಚಿ ಹಿಂದಿನ ಸೀಟಿಗೆ ಕಟ್ಟಿದೆವು. ಕುರ್ಪಿಯಿಂದ ಮಣ್ಣು ಕೆತ್ತಿದೆವು. ಆಮೇಲೆ ಗಾಡಿಯನ್ನು ಬದುವಿನ ಹುಲ್ಲಿಗೆ ಎತ್ತಿಟ್ಟು, ಇಬ್ಬರು ನೂಕುತ್ತ, ಒಬ್ಬ ಕೆದರುತ್ತ ಮಡ್ಡಿ ನೆಲ ಬರುವ ತನಕ ತಂದೆವು. ಅಲ್ಲಿ ಕಲ್ಲು, ಅಂಟು ಇಲ್ಲ. ಒಂದೇ ಕಿಕ್ಕಿಗೆ ಶುರುವಾಯಿತು ಅಂತ ಬರೆಯಲು ಆಸೆ, ಆದರೆ ಆಗಲಿಲ್ಲ, ಭಾಳ ಹೊತ್ತು ಒದೆಯಬೇಕಾಯಿತು. ದುಡ್ಡು ಕೊಡಲು ಹೋದರೆ ಮುತ್ಯಾ ಬೈದರು. ಮೊಮ್ಮಗ ಬೈಯಲಿಲ್ಲ, ತಗೊಂಡ.

ನಾಲವಾರದಲ್ಲಿ ಮೆಕ್ಯಾನಿಕ್ ಚೈನ್ ತೊಳೆದು, ಬ್ರೇಕ್ ಬಿಚ್ಚಿ, ಒಳಗಿನಿಂದ ಮುಷ್ಟಿಗಟ್ಟಲೆ ಮಣ್ಣು ತೆಗೆದ. ನಾವು ಏನೂ ಹೇಳಿರಲಿಲ್ಲ. "ಮ್ಯಾಪ್ ನೋಡ್ಕೊಂಡು ಹೋಗಿದ್ರೇನ್ರಿ?" ಅಂತ ಅವನೇ ಕೇಳಿದ. ಮಡ್‌ಗಾರ್ಡ್ ಕೂಡಿಸಲಾ ಅಂದ. ಮಳೆಗಾಲ ಮುಗಿಯುವ ತನಕ ಬೇಡ ಅಂದ ದೋಸ್ತ.