ಪೋರ್ಟ್ ಎಲೆನ್ ಬಾಟಲಿ: ಕೊನೆಗೂ ಕಾರ್ಕ್ ಹೊರಗೆ ಬಂತು

ಎಡಿನ್‌ಬರೋದಲ್ಲಿರೋ ನಾವು ಐದು ಜನ ದುಡ್ಡು ಹಾಕಿ ತಗೊಂಡಿದ್ದ ಪೋರ್ಟ್ ಎಲೆನ್ ಡಿಸ್ಟಿಲರಿಯ ವಿಸ್ಕಿ ಬಾಟಲಿನ ನಿನ್ನೆ ರಾತ್ರಿ ತೆಗೆದ್ವಿ. 1982ರಲ್ಲಿ ಭಟ್ಟಿ ಇಳಿಸಿದ್ದು, 25 ವರ್ಷ ರೀಫಿಲ್ ಪೀಪಾಯಿಯಲ್ಲಿ, ಅಂದ್ರೆ ಮುಂಚೆನೇ ಒಂದ್ಸಲ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಯಲ್ಲಿ, ಇದ್ದಿದ್ದು. ರುಚಿ ನೋಟ್ಸ್ ಆಮೇಲೆ ಹಾಕ್ತೀನಿ, ಇವತ್ತು ಬರೀ ಕಾರ್ಕ್ ಕತೆ.

ಮೆಲ್ಲಗೆ ತಿರುಗಿಸಿದೆ ಅಷ್ಟೇ, ಪಟ್ ಅಂತ ಅರ್ಧಕ್ಕೆ ಮುರೀತು, ಮೇಲಿನ ತುಂಡು ಕೈಯಲ್ಲಿ, ಕೆಳಗಿಂದು ಬಾಟಲಿ ಕುತ್ತಿಗೆಯಲ್ಲಿ. ಸ್ಕ್ರೂ ಹಾಕಿದ್ರೆ ನಡುವಿಂದ ಚಿರೋಟಿ ರವೆ ತರ ಉದುರ್ತಾ ಇದೆ. ಕಾರ್ಕ್‌ನ ಎರಡೂ ಪಕ್ಕಕ್ಕೆ ತೆಳು ಪಟ್ಟಿ ಇಳಿಸಿ ಎತ್ತೋ ಎರಡು ಕಾಲಿನ ಪುಲ್ಲರ್ ಇಳಿಸೋಕೆ ಹೋದ್ರೆ ಇಡೀ ತುಂಡೇ ಒಳಗೆ ಜಾರೋ ಹಂಗಾಯ್ತು, ಕೈ ತೆಗೆದ್ಬಿಟ್ಟೆ.

ಮಾರಿದವ್ರ ಮೇಲೆ ನಂಗೆ ನಿಜವಾಗ್ಲೂ ಸಿಟ್ಟಿದೆ. ತಂಪು ಜಾಗದಲ್ಲಿ, ಕತ್ತಲಲ್ಲಿ ಇಟ್ಟಿದ್ವಿ ಅಂದಿದ್ರು, ಆದ್ರೆ ಲೇಬಲ್ ಒಂದು ಕಡೆ ಮಾತ್ರ ಬಿಳಚಿಕೊಂಡಿದೆ, ಅಂದ್ರೆ ವರ್ಷಗಟ್ಲೆ ಬೆಳಕಲ್ಲೇ ನಿಂತಿತ್ತು ಅಂತ ತಾನೆ. ಅಷ್ಟು ದುಡ್ಡು ಇಸ್ಕೊಂಡ್ಮೇಲೆ ಇದ್ದಿದ್ದನ್ನ ಇದ್ದಂಗೆ ಹೇಳ್ಬೇಕಪ್ಪ. ಐಲಾ ದ್ವೀಪದ ಈ ಡಿಸ್ಟಿಲರಿ 1983ರಲ್ಲಿ ಮುಚ್ಚಿದ್ದು, ಪಕ್ಕದ ಮಾಲ್ಟಿಂಗ್ಸ್, ಅಂದ್ರೆ ಬಾರ್ಲಿ ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಮಾಡೋ ಜಾಗ, ಮಾತ್ರ ಬೇರೆ ಡಿಸ್ಟಿಲರಿಗಳಿಗೆ ಪೀಟ್ (ಜೌಗು ನೆಲದ ಒಣಗಿದ ಮಣ್ಣು) ಹೊಗೆ ಹಾಕಿದ ಮಾಲ್ಟ್ ಕೊಡ್ತಾ ಉಳೀತು. 2024ರಲ್ಲಿ ಡಿಸ್ಟಿಲರಿ ಮತ್ತೆ ಶುರುವಾಯ್ತು, ಸಂತೋಷನೇ, ಆದ್ರೆ ಅದು ಹೊಸ ಸ್ಟಿಲ್‌ಗಳ (ಭಟ್ಟಿ ಪಾತ್ರೆಗಳ) ಮಾಲು. ಹಳೇದು ಒಂದು ಗ್ಲಾಸ್ ಚೆಲ್ಲಿದ್ರೂ ಹೋಯ್ತು ಅಂತಾನೇ.

ಒಂದು ಗಂಟೆ ಹಂಗೇ ಬಿಟ್ಟು ಯೋಚನೆ ಮಾಡಿದ್ಮೇಲೆ ಹೊಳೀತು, ಕಾರ್ಕ್ ಕೊಳೆತಿಲ್ಲ, ಒಣಗಿದೆ. ವಿಸ್ಕಿ ಬಾಟಲಿ ಮಲಗಿಸಿಡಬಾರ್ದು, ಆಲ್ಕೋಹಾಲ್ ಕಾರ್ಕನ್ನ ತಿನ್ನುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ಹತ್ತು ನಿಮಿಷ ಒದ್ದೆ ಮಾಡಿದ್ರೆ ಮೆತ್ತಗೂ ಆಗುತ್ತಲ್ವಾ! ಬಾಯಿಗೆ ಕ್ಲಿಂಗ್ ಫಿಲ್ಮ್ ಬಿಗಿದು, ಕೆಳಗೆ ಜಗ್ ಹಿಡ್ಕೊಂಡು, ಬಾಟಲಿ ಓರೆ ಮಾಡಿ ಹತ್ತು ನಿಮಿಷ ಕೂತೆ. ಆಮೇಲೆ ಪುಲ್ಲರ್ ಕಾಲನ್ನ ಗಾಜಿನ ಅಂಚಿಗೇ ಒತ್ತಿ, ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ಅಲ್ಲಾಡಿಸ್ತಾ ಇಳಿಸಿ, ಎಳೀದೆ ಬರೀ ತಿರುಗಿಸ್ತಾ ಹೋದೆ. ಬಂತು! ಇಡೀ ತುಂಡು! ಗೆಳೆಯ ಉಸಿರೇ ಬಿಟ್ಟಿರ್ಲಿಲ್ಲ.

ಒಳಗೆ ಬಿದ್ದ ಪುಡಿಗೆ ಬ್ಲೀಚ್ ಮಾಡದ ಕಾಫಿ ಫಿಲ್ಟರ್ ಪೇಪರ್, ಮೊದ್ಲು ಬಿಸಿನೀರಲ್ಲಿ ತೊಳೆದು ಒಣಗಿಸಿದ್ದು, ಇಲ್ಲಾಂದ್ರೆ ಪೇಪರ್ ವಾಸ್ನೆ ಬರುತ್ತೆ.

ಅಂದಹಾಗೆ ಮುಂದಿನದು ಸೇಂಟ್ ಮ್ಯಾಗ್ಡಲೀನ್, ಆ ಡಿಸ್ಟಿಲರಿನೂ 1983ರಲ್ಲೇ ಮುಚ್ಚಿದ್ದು. ಗ್ಲಾಸ್ಗೋ ಟ್ರೇನಲ್ಲಿ ಹೋಗ್ತಾ ಲಿನ್‌ಲಿತ್ಗೋ ಹತ್ರ ಅದರ ಪಗೋಡಾ ಚಾವಣಿ ಕಾಣುತ್ತೆ, ಕೆಳಗೆ ಈಗ ಫ್ಲ್ಯಾಟ್‌ಗಳು. ಜೊತೆಗೆ ನಮ್ಮ ಬೆಂಗಳೂರಿನ ವಿಸ್ಕಿ ಅಮೃತ್ ಗ್ರೀಡಿ ಏಂಜಲ್ಸ್ ಇಡೋ ಆಸೆ. ಇಲ್ಲಿ ಸ್ಕಾಟ್ಲೆಂಡಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ವಿಸ್ಕಿ ಆವಿಯಾದ್ರೆ ಬೆಂಗಳೂರಲ್ಲಿ 10%ಗಿಂತ ಜಾಸ್ತಿ ಹೋಗುತ್ತೆ, ಅಲ್ಲಿ 25 ವರ್ಷ ಇಟ್ರೆ ಪೀಪಾಯಿಯಲ್ಲಿ ಹೆಚ್ಚೇನೂ ಉಳಿಯಲ್ಲ.

ಸೇಂಟ್ ಮ್ಯಾಗ್ಡಲೀನ್ ಸ್ಯಾಂಪಲ್ ಬರೋವರೆಗೆ ಈ ಪೋರ್ಟ್ ಎಲೆನ್ ಬಾಟಲಿಗೆ ಹಳೇ ಬಾಟಲಿಯಿಂದ ಎತ್ತಿಟ್ಟಿದ್ದ ಕಾರ್ಕ್ ಹಾಕಿದೀನಿ, ಸರಿಯಾಗಿ ಕೂತಿದೆ.