ಗಾಯದ ಗುರುತು

ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಒಬ್ಬರು, ವೀಲ್‌ಚೇರ್‌ನಲ್ಲಿದ್ದ ಅಕ್ಕನ ತಲೆ ಮೇಲೆ ಕೈಯಿಟ್ಟು ಗುಣವಾಗಲಿ ಅಂತ ಪ್ರಾರ್ಥಿಸಿದರು. ಅಕ್ಕ ಕೇಳಿರಲೇ ಇಲ್ಲ. ಅವರು ಎಷ್ಟೋ ದಿನದಿಂದ ಕೇಳುತ್ತಿರುವುದು ಬಾಗಿಲ ಬಳಿ ಒಂದು ರ‍್ಯಾಂಪ್, ಅಷ್ಟೇ.

ಬೈಬಲಿನ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ನೋಡಿ, ಪಾಪ ಯಾರದ್ದು ಅಂತ ಕೇಳುತ್ತಾರೆ. ಇವನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಅನ್ನುತ್ತಾನೆ ಯೇಸು. ಇಷ್ಟು ನೇರವಾಗಿ ಹೇಳಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ, ಅಲ್ವಾ?

ಅಂಗವೈಕಲ್ಯದೊಂದಿಗೇ ಬದುಕಿದ ಅಮೆರಿಕದ ದೇವತಾಶಾಸ್ತ್ರಜ್ಞೆ ನ್ಯಾನ್ಸಿ ಈಸ್‌ಲಂಡ್ 1994ರಲ್ಲಿ ಬರೆದ ಮಾತು ನೆನಪಾಗುತ್ತಿದೆ. ಸತ್ತು ಎದ್ದುಬಂದ ಯೇಸುವಿನ ಕೈಗಳಲ್ಲಿ ಗಾಯದ ಗುರುತು ಹಾಗೇ ಇತ್ತು. ಅದನ್ನೇ ಶಿಷ್ಯರಿಗೆ ತೋರಿಸಿದ. ಆ ದೇಹವನ್ನು ಪೂಜಿಸುವ ನಾವು ಅಕ್ಕನ ದೇಹವನ್ನು ಯಾಕೆ ಕೊರತೆ ಅಂತ ನೋಡುತ್ತೇವೆ?

ಮುಂದಿನ ಸಭೆಯಲ್ಲಿ ರ‍್ಯಾಂಪ್ ಮಾತು ಎತ್ತುತ್ತೇನೆ. ಅದಕ್ಕೂ ಮೊದಲು ಅಕ್ಕನನ್ನು ಕೇಳುತ್ತೇನೆ.